ಕಂಬಳಿಯ ಮೇಲೆ ಕೂಡದ ಮಲ್ಕಪ್ಪ

ಸುರಪುರದಲ್ಲಿ ಕಂಬಳಿ ನೇಯುತ್ತಿದ್ದ ಮಲ್ಕಪ್ಪ ಕಂಬಳಿಯ ಮೇಲೆ ಕೂಡುತ್ತಿರಲಿಲ್ಲ. ಬೆಳಗಾದರೆ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಓಡಿಸುವವನು, ಅಪ್ಪ ಅಜ್ಜ ಮುತ್ತಜ್ಜ ಎಲ್ಲರೂ ಕಂಬಳಿಯಲ್ಲೇ ಹುಟ್ಟಿ ಕಂಬಳಿಯಲ್ಲೇ ಹೋದ ಕುರುಬರ ಮನೆತನದವನು, ಯಾರ ಮನೆಗೆ ಹೋದರೂ ಹಾಸಿದ ಕಂಬಳಿಯನ್ನು ಮೆಲ್ಲಗೆ ಆಚೆ ಸರಿಸಿ ಬರೀ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂಡುತ್ತಿದ್ದ. ಮಲಗಲು ಹರಕು ಕೌದಿ. ಯಾಕಪ್ಪ ಅಂದರೆ "ಮೈ ಕಡೀತದ್ರೀ" ಅನ್ನುತ್ತಿದ್ದ. ಕುರುಬನ ಮೈಗೆ ಕಂಬಳಿ ಕಡಿಯುತ್ತದೆ ಅಂದರೆ ನಂಬುವ ಪುಣ್ಯಾತ್ಮ ಸುರಪುರದಲ್ಲಿ ಒಬ್ಬನೂ ಇರಲಿಲ್ಲ.

ನಿಜ ಸಂಗತಿ ಊರಿಗೆಲ್ಲ ಗೊತ್ತಿತ್ತು. ಅವರ ಮಂದಿಯಲ್ಲಿ ಕಂಬಳಿ ಹಾಸಿದರೆ ಮುಗಿಯಿತು, ಅದು ಗದ್ದುಗೆ. ನ್ಯಾಯ ಬಿಡಿಸುವುದು ಅದರ ಮೇಲೆ, ಹೆಣ್ಣು ಗಂಡಿನ ಮಾತು ಅದರ ಮೇಲೆ, ದೇವರ ಕೆಲಸವೂ ಅದರ ಮೇಲೆ. ಅದರ ಮೇಲೆ ಕುಂತು ಸುಳ್ಳು ಹೇಳಿದವನ ಹಟ್ಟಿಯಲ್ಲಿ ಒಂದು ಕುರಿಯೂ ಉಳಿಯುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ಮಲ್ಕಪ್ಪನಿಗೋ ದಿನಕ್ಕೊಂದು ಸುಳ್ಳು ಹೇಳದಿದ್ದರೆ ಉಂಡ ರೊಟ್ಟಿ ಕರಗುತ್ತಿರಲಿಲ್ಲ. ಹೀಗಾಗಿ ಅವನು ಬಾಯಿಯನ್ನು ಇಟ್ಟುಕೊಂಡು ಕಂಬಳಿಯನ್ನು ಬಿಟ್ಟಿದ್ದ.

ಯಾರ ಮನೆ ಹಾಳು ಮಾಡುವ ಸುಳ್ಳೂ ಅಲ್ಲ ಬಿಡಿ. ಅವನ ಟಗರು ಅವನನ್ನು ಬೆನ್ನ ಮೇಲೆ ಹೊತ್ತು ತುಂಬಿದ ಕೃಷ್ಣೆಯನ್ನು ಈಜಿ ದಾಟಿತ್ತು. ಅವನು ನೇಯ್ದ ಒಂದು ಕಂಬಳಿಯಲ್ಲಿ ಹಾಲು ಹೊಯ್ದು ಗಂಟು ಕಟ್ಟಿ ಶಹಾಪುರದ ತನಕ ಹೊತ್ತರೂ ಹನಿ ಸೋರಿರಲಿಲ್ಲ. ಹೈದರಾಬಾದಿನಲ್ಲಿ ಒಬ್ಬ ನವಾಬ ಅವನ ಕಂಬಳಿ ಹೊದ್ದು ಮಲಗಿ ಎರಡು ದಿನ ಏಳದೆ, ಹಕೀಮರು ಬಂದು ಎಬ್ಬಿಸಬೇಕಾಯಿತಂತೆ. ಕೇಳುವವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಮಲ್ಕಪ್ಪ ಮಾತ್ರ ಮುಖದ ಒಂದು ಗೆರೆಯನ್ನೂ ಅಲುಗಿಸುತ್ತಿರಲಿಲ್ಲ.

ಅವನ ಬಾಳಿನಲ್ಲಿ ಈ ಬಾಯಿ ಅಡ್ಡ ಬಂದದ್ದು ಒಂದೇ ಕಡೆ. ಅದು ಅಯ್ಯಮ್ಮನ ಹತ್ತಿರ.

ಅಯ್ಯಮ್ಮ ಕೊಂಕಲ್ಲಿನ ಹೆಣ್ಣು, ಸುರಪುರಕ್ಕೆ ಸೊಸೆಯಾಗಿ ಬಂದವಳು. ಗಂಡ ಕಾಲರಾದಲ್ಲಿ ಹೋದ ಮೇಲೆ ತವರಿಗೆ ಹೋಗದೆ, ಒಂದಿಷ್ಟು ಆಡು ಕಟ್ಟಿಕೊಂಡು, ಉಣ್ಣೆ ನೂತು ಮಾರಿ ಬದುಕುತ್ತಿದ್ದಳು. ಕೈಯಲ್ಲಿ ಕದಿರು, ಕಣ್ಣಲ್ಲಿ ಕುಚೋದ್ಯ. ಮಲ್ಕಪ್ಪನ ಹೆಂಡತಿಯೂ ತೀರಿಕೊಂಡು ಬಹಳ ವರ್ಷವಾಗಿತ್ತು. ಅವರ ಮಂದಿಯಲ್ಲಿ ಗಂಡ ಸತ್ತವಳು ಉಡಿಕೆ ಮಾಡಿಕೊಂಡು ಮತ್ತೊಬ್ಬನ ಮನೆ ತುಂಬುವುದು ನಾಚಿಕೆಯ ಮಾತಲ್ಲ. ಎರಡನೆಯ ಮದುವೆಗೆ ಉಡಿಕೆ ಎನ್ನುತ್ತಾರೆ. ಹಿರಿಯರೆದುರು ಇಬ್ಬರೂ ಒಂದೇ ಕಂಬಳಿಯ ಮೇಲೆ ಕುಂತರೆ ಸಾಕು, ಆಯಿತು. ಮಲ್ಕಪ್ಪ ಅವಳಿಂದ ನೂಲು ಕೊಳ್ಳಲು ಹೋಗಿ ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟ.

"ನನ್ನ ಮನಿಗಿ ಬಂದುಬಿಡು ಅಯ್ಯಮ್ಮ. ರಾಣಿ ಹಂಗ ಇಟ್ಟಕೋತೀನಿ. ಕೊಂಕಲ್ ಗುಡ್ಡದಾಗ ಅಣ್ಣನ ಹಟ್ಟಿಯೊಳಗ ನನ್ನ ಪಾಲಿನ ಕುರಿ ಅದಾವ. ಎಣಸಾಕ ಹೋದ್ರ ಹೊತ್ತು ಮುಳಗತದ."

ಕೊಂಕಲ್ಲಿನಲ್ಲೇ ಹುಟ್ಟಿ ಬೆಳೆದವಳ ಮುಂದೆ ಕೊಂಕಲ್ ಗುಡ್ಡದ ಕುರಿ! ಅಯ್ಯಮ್ಮ ಕದಿರು ತಿರುಗಿಸುವುದನ್ನು ನಿಲ್ಲಿಸಲಿಲ್ಲ.

"ಒಳಗಿನಿಂದ ಕಂಬಳಿ ತರತೀನಿ," ಅಂದಳು. "ಅದರ ಮ್ಯಾಲ ಕುಂತು ಇದ ಮಾತು ಇನ್ನೊಮ್ಮಿ ಕೇಳು. ಅಲ್ಲೇ ಹೂಂ ಅಂತೀನಿ."

ಅವಳು ಕಂಬಳಿ ತರುವಷ್ಟರಲ್ಲಿ ಮಲ್ಕಪ್ಪ ಓಣಿಯ ತಿರುವು ದಾಟಿದ್ದ. ಅಂದಿನಿಂದ ಅವನಿಗೆ ಎರಡೇ ಚಿಂತೆ. ಅಯ್ಯಮ್ಮ ಬೇಕು, ಕಂಬಳಿ ಬೇಡ. ಹೇಗೆ?

ಇಂಥ ಹೊತ್ತಿನಲ್ಲಿ ಮಲ್ಲಣ್ಣ ಸಾಹುಕಾರರ ನೆಲಮನೆ ಅವನ ಪಾಲಿಗೆ ಒದಗಿತು. ಅದು ಕೆಟ್ಟ ಕಾಲ. ಹಿಂದೂಸ್ಥಾನಕ್ಕೆ ಸ್ವಾತಂತ್ರ್ಯ ಬಂದು ವರ್ಷವಾಗುತ್ತ ಬಂದಿತ್ತು, ನಿಜಾಮನ ಸೀಮೆಯಲ್ಲಿ ಮಾತ್ರ ಯಾರು ಯಾವಾಗ ಯಾರ ಬಾಗಿಲು ಒದೆಯುತ್ತಾರೋ ತಿಳಿಯದಂತಿತ್ತು. ನಿಜಾಮನ ಕಡೆಯ ರಜಾಕಾರರ ಗುಂಪು ಊರೊಳಗೆ ಬಂತೆಂದರೆ ಹೆಂಗಸರು ಮಕ್ಕಳು ಅಡಗಬೇಕು. ಹತ್ತಿ ಕಾಳಿನ ವ್ಯಾಪಾರ ಮಾಡುವ ಮಲ್ಲಣ್ಣನವರ ಮನೆ ಗುಡ್ಡದ ಬುಡಕ್ಕೆ ಬೆನ್ನು ಕೊಟ್ಟು ನಿಂತಿತ್ತು. ಅದರ ನಡುಮನೆಯ ಕೆಳಗೊಂದು ದೊಡ್ಡ ನೆಲಮನೆ. ಓಣಿಯ ಹೆಂಗಸರೆಲ್ಲ ಹಿಡಿಸುವಷ್ಟು ಜಾಗ. ಆದರೆ ಮಳೆಗಾಲದಲ್ಲಿ ಗುಡ್ಡದ ನೀರು ಮಣ್ಣೊಳಗೆ ಇಳಿದು ಆ ಗೋಡೆಗಳು ಬೆವರುತ್ತಿದ್ದವು. ಕಲ್ಲಿನ ಮೇಲೆ ಹಸಿರು ಪಾಚಿ, ನೆಲದಲ್ಲಿ ಕಾಲಿಟ್ಟರೆ ಚಳಕ್ ಅನ್ನುವ ಥಂಡಿ. ಮಲ್ಲಣ್ಣನವರ ತಾಯಿ ಗೊಲ್ಲಾಳಮ್ಮ ಅಲ್ಲಿ ಇಳಿದರೆ ಸಾಕು, ಕೆಮ್ಮು ಶುರು. ಎಂಥ ಕೆಮ್ಮು ಅಂದರೆ ಓಣಿಯ ಆ ತುದಿಯ ನಾಯಿ ಎದ್ದು ನಿಲ್ಲಬೇಕು. ಅಡಗಿ ಕೂಡುವ ಜಾಗದಲ್ಲಿ ಹಾಗೆ ಕೆಮ್ಮಿದರೆ ಅಡಗಿದ್ದಕ್ಕೇನು ಅರ್ಥ?

"ಮುದುಕೀನ ಮ್ಯಾಲ ಬಿಟ್ಟು ನಾವು ಕೆಳಗ ಕೂಡಾಕ ಆಗತದೇನೋ?" ಎಂದು ಮಲ್ಲಣ್ಣ ಮಲ್ಕಪ್ಪನೆದುರು ತಲೆ ಚಚ್ಚಿಕೊಂಡರು. "ಏನರೆ ಮಾಡಿ ಆ ಕ್ವಾಣಿ ಬೆಚ್ಚಗ ಮಾಡಬೇಕು."

"ಅದೇನ್ ದೊಡ್ಡ ಮಾತ್ರೀ ಸಾವಕಾರ್ರ," ಅಂದ ಮಲ್ಕಪ್ಪ. "ಹೈದರಾಬಾದಿನಾಗ ನವಾಬರ ನೆಲಮನಿಗೋಳಿಗೆಲ್ಲ ನಾನ ಕಂಬಳಿ ಹೊದಿಸೀನಿ. ಜನವರಿ ತಿಂಗಳದಾಗ ಒಳಗ ಕುಂತು ಬೀಸಣಿಕಿ ಕೇಳತಾರ."

ಅವನು ಹೈದರಾಬಾದ್ ನೋಡಿಯೇ ಇರಲಿಲ್ಲ. ಆದರೆ ಕೆಲಸ ಸಿಕ್ಕಿತು.

ಮೊದಲ ಸಲ ಅವನು ಮಾಡಿದ್ದು ಕಂಬಳಿಯವರು ಮಾತ್ರ ಮಾಡಬಲ್ಲ ತಪ್ಪು. ಕಂಬಳಿ ಸೆಟೆದು ನಿಲ್ಲಲಿ, ಗಾಳಿ ತೂರದಿರಲಿ ಎಂದು ಹುಣಸೆ ಬೀಜದ ಗಂಜಿ ತಿಕ್ಕುವುದು ಅವರ ಪದ್ಧತಿ. ಗಂಜಿ ಕುಡಿಯದ ಕಂಬಳಿಯನ್ನು ಒಳ್ಳೆಯ ನೇಕಾರ ಕೈಯಿಂದಾಚೆ ಬಿಡುವುದಿಲ್ಲ. ಮಲ್ಕಪ್ಪ ಜಂಬದಿಂದ ಎರಡು ಪಟ್ಟು ಗಂಜಿ ತಿಕ್ಕಿದ ಹೊಸ ಕಂಬಳಿಗಳನ್ನು ತಂದು, ಬೆವರುವ ಗೋಡೆಗೆ ನೇರ ಒತ್ತಿ ಜಾಲಿಗೂಟ ಬಡಿದ. ವಾರ ಕಳೆಯುವುದರೊಳಗೆ ಗೋಡೆಯ ಹಸಿ ಹೀರಿ ಗಂಜಿ ಮೆತ್ತಗಾಯಿತು, ಹುಳಿತು, ನಾರಿತು. ಊರಿನ ಇಲಿಗಳಿಗೆಲ್ಲ ಊಟದ ಕರೆ ಹೋಯಿತು. ಗೊಲ್ಲಾಳಮ್ಮ ಕೆಮ್ಮುತ್ತಲೂ ಮೂಗು ಮುಚ್ಚಿಕೊಳ್ಳುತ್ತಲೂ ಮೇಲೆ ಬಂದು, "ನಿಜಾಮನ ಕೈಯಾಗ ಸಾಯತೀನಿ, ಈ ವಾಸನ್ಯಾಗ ಒಲ್ಲೆಪ್ಪೋ" ಎಂದು ನಡುಮನೆಯಲ್ಲಿ ಕುಂತುಬಿಟ್ಟರು.

ಮಲ್ಲಣ್ಣ ಕೈಗೆ ಸಿಕ್ಕ ಕಸಬರಿಗೆ ಎತ್ತಿದರು. ಮಲ್ಕಪ್ಪ ಬಾಗಿಲ ಮರೆಯಿಂದಲೇ ಹೇಳಿದ: "ಇದಕ್ಕ ಗಂಜಿ ಕುಡೀದ ಬರೀ ಉಣ್ಣಿ ಬೇಕ್ರೀ. ಅದು ಅಯ್ಯಮ್ಮನ ಹತ್ರ ಅದ. ಆಕೀನೂ ಕೈ ಹಚ್ಚಬೇಕು, ಇಲ್ಲಂದ್ರ ಆಗಂಗಿಲ್ಲ." ಹೇಳುವಾಗಲೇ ಅವನ ತಲೆಯಲ್ಲಿ ದೀಪ ಹತ್ತಿತ್ತು. ಗೋಡೆ ನಾಲ್ಕಿವೆ, ನೆಲವಿದೆ, ಮೇಲ್ಛಾವಣಿಯಿದೆ. ಮುಗಿಯುವವರೆಗೆ ಅಯ್ಯಮ್ಮ ದಿನಾ ಎದುರಿಗಿರುತ್ತಾಳೆ.

ಅಯ್ಯಮ್ಮ ಬಂದಳು, ನೋಡಿದಳು, ಸೆರಗಿನಿಂದ ಮೂಗು ಮುಚ್ಚಿ ನಕ್ಕಳು. "ನವಾಬರೂ ಹಿಂಗ ನಾರತಿದ್ರೇನು?" ಅಂದಳು.

ಈ ಸಲ ಕೆಲಸ ನೆಟ್ಟಗೆ ನಡೆಯಿತು. ಮೊದಲು ಹಿತ್ತಿಲಲ್ಲಿ ಗೋಡೆಯುದ್ದಕ್ಕೂ ಕಾಲುವೆ ತೋಡಿ ಗುಡ್ಡದ ನೀರನ್ನು ಬೇರೆ ಕಡೆ ತಿರುಗಿಸಿದರು. ಒಳಗೆ ಪಾಚಿ ಕೆರೆದು, ಸುಣ್ಣ ಬಳಿದು, ಗೋಡೆಗೆ ತಾಗದಂತೆ ಜೋಳದ ದಂಟನ್ನು ನಿಲ್ಲಿಸಿ ಕಟ್ಟಿದರು. ಗೋಡೆ ಬೆವರಿದರೆ ಆ ಸಂದಿಯಲ್ಲಿ ಗಾಳಿಯಾಡಿ ಒಣಗಬೇಕು. ಪಿಂಜಾರ ಮಸ್ತಾನಸಾಬ ತನ್ನ ಬಿಲ್ಲು ತಂದು ಟಂಯ್ ಟಂಯ್ ಎಂದು ಉಣ್ಣೆ ಹಿಂಜಿ ಕೊಟ್ಟ. ಅದನ್ನು ದಂಟಿನ ಮೇಲೆ ದಪ್ಪಗೆ ಹೊದಿಸಿ, ಅದರ ಮೇಲೆ ಗಂಜಿಯಿಲ್ಲದ ಕಂಬಳಿ ಬಿಗಿದು ಹೊಲಿದರು. ನೆಲಕ್ಕೆ ಉಸುಕು, ಬೂದಿ, ಹೊಟ್ಟು, ಎಲ್ಲಕ್ಕೂ ಮೇಲೆ ಕಂಬಳಿ. ನೆಲಕ್ಕೆ ಹಾಸುವ ದಿನ ಮಲ್ಕಪ್ಪ ಮೂಲೆಯಿಂದ ಹಿಂದೆ ಹಿಂದೆ ಸರಿಯುತ್ತ, ಒಂದು ಅಂಗುಲ ಕಂಬಳಿಯನ್ನೂ ಮೈಗೆ ತಾಗಿಸಿಕೊಳ್ಳದೆ ಮೆಟ್ಟಿಲು ಹತ್ತಿದ್ದನ್ನು ಅಯ್ಯಮ್ಮ ಕಣ್ಣಾರೆ ಕಂಡಳು.

ಅಂದಿನಿಂದ ಮಲ್ಕಪ್ಪ ನೆಲಮನೆಗೆ ಇಳಿಯಲಿಲ್ಲ. ಹೇಳುವುದೇನಿದ್ದರೂ ಕೊನೆಯ ಮೆಟ್ಟಿಲ ಮೇಲೆ ನಿಂತು. ಸುತ್ತ ಕಂಬಳಿ, ಕೆಳಗೆ ಕಂಬಳಿ, ಮೇಲೆ ಕಂಬಳಿ. ಅಂಥ ಜಾಗದಲ್ಲಿ ಅವನಿಗೇನು ಕೆಲಸ?

ಕೋಣೆ ಬೆಚ್ಚಗಾಯಿತು. ಅಷ್ಟೇ ಅಲ್ಲ, ಸದ್ದನ್ನೂ ನುಂಗತೊಡಗಿತು. ಒಂದು ಮಧ್ಯಾಹ್ನ ರಜಾಕಾರರು ಓಣಿಗೆ ಬಂದಾಗ ಹೆಂಗಸರೆಲ್ಲ ಕೆಳಗಿದ್ದರು. ಗೊಲ್ಲಾಳಮ್ಮ ಕೆಮ್ಮುವುದೇನೋ ಕೆಮ್ಮಿದರು, ಆದರೆ ಮೇಲೆ ಬಂದದ್ದು ಬೆಕ್ಕು ಸೀನಿದಷ್ಟು. ಮಸ್ತಾನಸಾಬ ಕಟ್ಟೆಯ ಮೇಲೆ ಕುಂತು ಬಿಲ್ಲು ಬಾರಿಸುತ್ತ, "ಒಳಗ ಯಾರದಾರೋ ಸಾಬ?" ಎಂದು ಕೇಳಿದವರಿಗೆ, "ಹತ್ತಿ ಬಿಟ್ರ ಏನೂ ಇಲ್ಲ, ಬೇಕಾದ್ರ ಹಿಂಜಾಕ ಕುಂದರ್ರಿ" ಅಂದ. ಹತ್ತಿಯ ದೂಳಿಗೆ ಅವರೇ ಕೆಮ್ಮುತ್ತ ಹೋದರು. ಆ ದಿನ ಮಲ್ಲಣ್ಣ ಮಲ್ಕಪ್ಪನ ಬೆನ್ನು ತಟ್ಟಿದರು.

ಒಂದೇ ಒಂದು ಕುಂದು ಉಳಿಯಿತು. ಹಿತ್ತಿಲ ಬೆಳಕಿಂಡಿಯ ಕೆಳಗಿನ ಬಡಗಣ ಮೂಲೆ. ಉಳಿದೆಲ್ಲ ಕಡೆ ಬೇಸಿಗೆಯ ಒಣಹುಲ್ಲಿನ ಹಾಗಿದ್ದರೆ ಆ ಮೂಲೆಯ ಕಂಬಳಿ ದಿನಾ ಹಸಿ. ಅಯ್ಯಮ್ಮ ಬಂದು ಬಿಚ್ಚಿ, ಉಣ್ಣೆ ಒಣಗಿಸಿ, ಮತ್ತೆ ಹೊಲಿದು ಹೋಗುವಳು. ಮರುದಿನ ಮತ್ತೆ ಹಸಿ. ಮಲ್ಕಪ್ಪ ಮೆಟ್ಟಿಲ ಮೇಲೆ ನಿಂತು ತಲೆ ಕೆರೆಯುತ್ತ ಹೇಳುತ್ತಿದ್ದ: "ಏನೋ ಅಯ್ಯಮ್ಮ, ಆ ಮೂಲ್ಯಾಗ ಗುಡ್ಡದ ಸೆಲಿ ಅದ ನೋಡು. ದಿನಾ ನೀ ಬರಲೇಬೇಕಾತು." ಬರುವಾಗ ಹೋಗುವಾಗ ನಾಲ್ಕು ಮಾತು, ಒಂದು ಎಲೆ ಅಡಿಕೆ, ಟಗರಿನ ಹೊಸ ಪ್ರತಾಪ ಒಂದು. ಮಲ್ಕಪ್ಪನ ಮಳೆಗಾಲ ಹಬ್ಬದಂತೆ ನಡೆದಿತ್ತು.

ಅದೇ ದಿನಗಳಲ್ಲಿ ಅಯ್ಯಮ್ಮನ ಹಿತ್ತಾಳೆ ತಂಬಿಗೆ ಕಳೆದುಹೋಗಿತ್ತು. ತವರಿಂದ ತಂದದ್ದು, ಬಾಯಿಯ ಅಂಚು ಒಂದು ಕಡೆ ನೆಗ್ಗಿದ್ದು. ಮಲ್ಕಪ್ಪನನ್ನೂ ಕೇಳಿದಳು. "ನಿನ್ನ ತಂಬಿಗಿ ನಾ ಕಣ್ಣಿಲೆ ನೋಡಿಲ್ಲ ತಾಯಿ" ಎಂದು ಅವನು ಎರಡೂ ಕಿವಿ ಹಿಡಿದುಕೊಂಡ. ನಿಂತದ್ದು ಎಂದಿನಂತೆ ಬರೀ ನೆಲದ ಮೇಲೆ.

ಭಾದ್ರಪದ ಬಂತು. ಹಿಂದೂಸ್ಥಾನದ ದಂಡು ನಿಜಾಮನ ಸೀಮೆಯೊಳಗೆ ಕಾಲಿಟ್ಟಿದೆ ಎಂಬ ಸುದ್ದಿ ಹಬ್ಬಿ, ಊರು ಉಸಿರು ಬಿಗಿಹಿಡಿದು ಕುಂತಿತು. ಇಲ್ಲಿ ಮಲ್ಕಪ್ಪ ಒಂದು ಎಡವಟ್ಟು ಮಾಡಿದ. ಹೆದರಿ ಅನ್ನ ಬಿಟ್ಟಿದ್ದ ಗೊಲ್ಲಾಳಮ್ಮನಿಗೆ ಉಣಿಸಬೇಕೆಂದು ಮೆಟ್ಟಿಲ ಮೇಲೆ ನಿಂತು, "ಯಮ್ಮಾ, ದಂಡು ಯಾದಗಿರಿ ಟೇಶನಿಗಿ ಇಳಿದದ! ಸಿಪಾಯಿಗೋಳು ಮಂದಿಗಿ ಪೇಡೆ ಹಂಚಾಕತ್ಯಾರ!" ಎಂದು ಕೂಗಿದ. ಅವರು ಎರಡು ರೊಟ್ಟಿ ಉಂಡರು, ಅದು ಸರಿ. ಆದರೆ ಹೆಂಗಸರೆಲ್ಲ ಮೇಲೆದ್ದು ಬಂದು ಅಂಗಳದಲ್ಲಿ ಕಾಯಿ ಒಡೆದರು, ಒಂದಿಬ್ಬರು ಓಣಿಗೂ ಇಳಿದರು. ಸುದ್ದಿ ಬರೀ ಗಾಳಿ ಎಂದು ಗೊತ್ತಾಗಿ ಮಲ್ಲಣ್ಣ ಎಲ್ಲರನ್ನೂ ಮತ್ತೆ ಒಳಗೆ ಅಟ್ಟಿದರು.

"ಇನ್ನ ಮ್ಯಾಲ ನಿನ್ನ ಬಾಯಿಲೆ ಸೂರ್ಯ ಹುಟ್ಯಾನ ಅಂದ್ರೂ ನಾ ನಂಬಂಗಿಲ್ಲ," ಅಂದರು. ಊರ ಮೇಲಿನ ಭರವಸೆಯೂ ಅವರಿಗೆ ಹೋಗಿತ್ತು. ಬಂಡಿ ಕಟ್ಟಿಕೊಂಡು ಕೃಷ್ಣೆ ದಾಟಿ ಆಚೆಯ ಹಿಂದೂಸ್ಥಾನದ ಸೀಮೆಗೆ ಹೋಗಿಬಿಡುವುದೆಂದು ಗೊತ್ತು ಮಾಡಿದರು. ಹೊಳೆ ಎರಡೂ ದಂಡೆ ತುಂಬಿ ಕೆಂಪಗೆ ಹರಿಯುತ್ತಿತ್ತು. ಅಯ್ಯಮ್ಮನೂ ಆಡು ಹೊಡೆದುಕೊಂಡು ಜೊತೆಗೆ ಹೊರಡುವವಳು; ಆಚೆ ದಂಡೆಯಲ್ಲಿ ಅವಳ ತಂಗಿಯ ಮನೆಯಿತ್ತು. ಹೋದರೆ ತಿರುಗಿ ಬರುವ ಮಾತಿಲ್ಲ.

ಮಲ್ಕಪ್ಪನಿಗೆ ಅಂದು ರೊಟ್ಟಿ ಇಳಿಯಲಿಲ್ಲ. ಹೊರಡುವ ಮುಂಚಿನ ದಿನ ಗೊಲ್ಲಾಳಮ್ಮ ಅವನನ್ನು ಗುಟ್ಟಾಗಿ ಕರೆದು, "ಶಹಾಪುರದ ನಶ್ಯ ಒಂದ್ ಡಬ್ಬಿ ತಂದುಕೊಡೋ ಮಗಾ, ಆಚಿ ಸೀಮಿಯೊಳಗ ಎಂಥಾದು ಸಿಗತದೋ ಏನೋ" ಎಂದಿದ್ದರು. ಅದೂ ಒಂದು ಕೆಲಸವೆಂದು ಅವನು ಹತ್ತಿ ಬಂಡಿಯೊಂದರ ಬೆನ್ನು ಹತ್ತಿ ಶಹಾಪುರಕ್ಕೆ ಹೋದ. ಮರುದಿನ ಬೆಳಿಗ್ಗೆ ಅಲ್ಲಿಯ ಚಹಾದ ದುಕಾನಿನ ಮುಂದೆ ಜನ ಮುತ್ತಿಕೊಂಡಿದ್ದರು. ಹಿಂದಿನ ಸಂಜೆ ರೇಡಿಯೋದಲ್ಲಿ ನಿಜಾಮನ ಕಡೆಯಿಂದಲೇ ಸಾರಿದ್ದರಂತೆ: ಕಾಳಗ ಮುಗಿಯಿತು, ಅವನು ಶರಣಾಗಿದ್ದಾನೆ. ಹಿಂದೂ ಮುಸಲ್ಮಾನ ಎನ್ನದೆ ಅಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತ, ಸದ್ಯ ಮುಗಿಯಿತಲ್ಲ ಎಂದು ಉಸಿರು ಬಿಡುತ್ತಿದ್ದರು.

ಮಲ್ಕಪ್ಪ ಕೊಂಡ ನಶ್ಯದ ಡಬ್ಬಿಯನ್ನು ಅಂಗಿಯೊಳಗೆ ತುರುಕಿಕೊಂಡ. ಇಷ್ಟು ದೊಡ್ಡ ನಿಜ ಅವನ ಕೈಗೆ ಎಂದೂ ಸಿಕ್ಕಿರಲಿಲ್ಲ. ಹೊತ್ತು ವಾಲಿದರೆ ಬಂಡಿ ಹೊರಡುತ್ತವೆ! ಒಂದಿಷ್ಟು ದೂರ ಲಾರಿಯ ಹಿಂದೆ ನೇತುಬಿದ್ದು, ಒಂದಿಷ್ಟು ದೂರ ಯಾರದೋ ಕುದುರೆಯ ಬೆನ್ನ ಮೇಲೆ, ಉಳಿದದ್ದು ಓಡುತ್ತ ಅವನು ಸುರಪುರ ಮುಟ್ಟಿದಾಗ ಹಿತ್ತಿಲಲ್ಲಿ ಎತ್ತು ಹೂಡಿ ಬಂಡಿ ನಿಂತಿದ್ದವು. ಹೆಂಗಸರು ನೆಲಮನೆಯಲ್ಲಿ ಕಡೆಯ ಗಂಟು ಕಟ್ಟುತ್ತಿದ್ದರು. ಅಲ್ಲೇ ಮಲ್ಲಣ್ಣ ಗಂಟು ಎಣಿಸುತ್ತಿದ್ದರು. ಅಯ್ಯಮ್ಮ ಬಡಗಣ ಮೂಲೆಗೆ ಒರಗಿ ನಿಂತಿದ್ದಳು.

"ಮುಗೀತ್ರೀ!" ರೂಢಿಯಂತೆ ನೆಲಮನೆಯ ಬಾಗಿಲನ್ನು ಹಿಂದೆ ಎಳೆದುಕೊಂಡು, ಕೊನೆಯ ಮೆಟ್ಟಿಲ ಮೇಲೆ ನಿಂತು ಮಲ್ಕಪ್ಪ ಏದುಸಿರು ಬಿಟ್ಟ. "ನಿಜಾಮ ಶರಣಾಗ್ಯಾನ! ರೇಡಿಯೋದಾಗ ಹೇಳ್ಯಾರ. ಎಲ್ಲಿಗೂ ಹೋಗಬ್ಯಾಡ್ರಿ!"

ಯಾರೂ ತಲೆ ಎತ್ತಿ ನೋಡಲಿಲ್ಲ.

"ಪೇಡೆ ಹಂಚ್ಯಾರೇನು?" ಅಂದರು ಮಲ್ಲಣ್ಣ.

"ಇಲ್ರೀ ಸಾವಕಾರ್ರ, ಖರೇನ! ಈ ಸಲ ಖರೇನ!"

"ದಾರಿ ಬಿಡು. ಹೊತ್ತಾಗತದ."

"ಹೊಳಿ ತುಂಬ್ಯಾದ್ರೀ! ಹೆಂಗಸರು ಮಕ್ಕಳು! ನನ್ನ ಮಾತು ಒಂದೀಟು ಕೇಳ್ರೀ!" ಜೀವಮಾನವೆಲ್ಲ ಸುಳ್ಳನ್ನು ನಂಬಿಸಿದ ಬಾಯಿಗೆ ಇವತ್ತು ನಿಜವನ್ನು ನಂಬಿಸಲು ಬರುತ್ತಿರಲಿಲ್ಲ. ಮಲ್ಕಪ್ಪನಿಗೆ ತನ್ನ ಬಾಯಿಯ ಮೇಲೆ ಮೊದಲ ಸಲ ಸಿಟ್ಟು ಬಂತು.

ಆಗ ಅಯ್ಯಮ್ಮ ಮೂಲೆಯಿಂದ ಮುಂದೆ ಬಂದಳು. ನೆಲದ ಕಂಬಳಿಯನ್ನು ಕೈಯಿಂದ ಒಮ್ಮೆ ಸವರಿ, ಅವನ ಕಡೆ ನೋಡಿದಳು.

ಮಲ್ಕಪ್ಪ ಕಂಬಳಿ ನೋಡಿದ. ಅಯ್ಯಮ್ಮನ ಕಣ್ಣು ನೋಡಿದ. ಕುಂತರೆ ಇವಳು ಸುಮ್ಮನೆ ಬಿಡುವವಳಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಕೊನೆಯ ಮೆಟ್ಟಿಲು ಇಳಿದ, ಕೋಣೆಯ ನಡುವಿಗೆ ಬಂದ, ಕಂಬಳಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಂತೇಬಿಟ್ಟ.

"ಅಮೋಘಸಿದ್ದನ ಆಣಿ. ಕಾಳಗ ಮುಗದದ. ನಿಜಾಮ ಶರಣಾಗ್ಯಾನ," ಅಂದ.

ಮಲ್ಲಣ್ಣನವರ ಕೈಯ ಗಂಟು ಕೆಳಗಿಳಿಯಿತು. "ಹೌದೇನೋ?" ಅಂದರು. ಮಲ್ಕಪ್ಪ ಗಬಕ್ಕನೆ ಏಳಹೋದ.

"ಏಳಬ್ಯಾಡ," ಅಂದಳು ಅಯ್ಯಮ್ಮ. "ಹೆಂಗೂ ಕುಂತೀದಿ. ಈ ಮೂಲಿ ದಿನಾ ಯಾಕ ಹಸಿ ಆಗತದ?"

ಮಲ್ಕಪ್ಪ ಸುತ್ತ ನೋಡಿದ. ಗೋಡೆ ನೋಡಿದರೆ ಕಂಬಳಿ, ಮೇಲೆ ನೋಡಿದರೆ ಕಂಬಳಿ.

"ನಾ ನೀರು ಹಾಕತಿದ್ದೆ," ಅಂದ. "ಹಿತ್ತಲ ಬೆಳಕಿಂಡಿಯಿಂದ."

"ಯಾತರಲೆ?"

"ತಂಬಿಗಿಲೆ."

"ಯಾರ ತಂಬಿಗಿಲೆ?"

"ನಿನ್ನ ತಂಬಿಗಿಲೆ."

ಮಲ್ಲಣ್ಣ ಹೌಹಾರಿದರು. "ಏ ಭಾಡ್ಯಾ! ನಮ್ಮವ್ವ ಥಂಡಿಗಿ ಕೆಮ್ಮಿ ಕೆಮ್ಮಿ ಸಾಯಾಕತ್ಯಾಳ, ನೀ ಮ್ಯಾಲಿಂದ ನೀರು ಹಾಕತಿದ್ದೇನು?"

"ಅವನ್ನ ಬೈಬ್ಯಾಡ," ಮೂಲೆಯಿಂದ ಗೊಲ್ಲಾಳಮ್ಮ ಅಂದರು. "ಕಂಬಳಿ ಮ್ಯಾಲ ನಾನೂ ಕುಂತೀನಿ, ಹೇಳಿಬಿಡತೀನಿ. ಮೊದಲಿನ ಕೆಮ್ಮು ಥಂಡೀದು. ಕ್ವಾಣಿ ಬೆಚ್ಚಗಾದ ಮ್ಯಾಲಿನ ಕೆಮ್ಮು ನಶ್ಯದ್ದು." ಮಗನ ಕಣ್ಣು ತಪ್ಪಿಸಿ ಮಲ್ಕಪ್ಪನ ಕಡೆ ಕೈ ಚಾಚಿದರು. "ತಂದೀದೇನೋ?" ಡಬ್ಬಿ ಅವನ ಅಂಗಿಯಿಂದ ಅವರ ಕೈಗೆ ಹೋಯಿತು. ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು.

ಅಯ್ಯಮ್ಮ ನಗಲಿಲ್ಲ. "ಕೊಂಕಲ್ ಗುಡ್ಡದಾಗ ನಿನ್ನ ಕುರಿ ಎಷ್ಟ ಅದಾವ?"

ಅವನು ತಲೆ ತಗ್ಗಿಸಿದ. "ಒಂದೂ ಇಲ್ಲ."

"ಆ ಟಗರು?"

"ಅದು ಸತ್ತು ಬಾಳ ವರ್ಷ ಆತು. ಹೊಳಿ ಕಂಡ್ರ ಅಂಜತಿತ್ತು."

ಇಲ್ಲಿ ಮಲ್ಲಣ್ಣನವರ ವ್ಯಾಪಾರದ ತಲೆ ಚುರುಕಾಯಿತು. "ತಡಿ ತಡಿ! ಕಂಬಳಿ ಮ್ಯಾಲ ಸುಳ್ಳು ಹೇಳಿದ್ರ ಕುರಿ ಸಾಯತಾವ, ಅಲ್ಲೇನು? ಈ ಮಗನ ಹತ್ರ ಕುರೀನ ಇಲ್ಲ! ಅಂದಮ್ಯಾಲ ಇವನ ಆಣಿಗಿ ಬೆಲಿ ಏನು? ಇವ ಕಳಕೊಳ್ಳೋದು ಇಲ್ಲಿ ಏನದ?" ಅವರು ಗಂಟು ಎತ್ತಿದರು. "ಏಳ್ರೇ ಎಲ್ಲಾರು. ಬಂಡಿ ಹತ್ತರಿ."

ಹೆಂಗಸರು ಎದ್ದರು. ಮಲ್ಕಪ್ಪನ ಕಣ್ಣಲ್ಲಿ ನೀರು ಬಂತು. ಇದ್ದ ಮಾನವನ್ನೆಲ್ಲ ಸುರಿದಿದ್ದ, ಅದೂ ಮೂಲೆಗೆ ಸುರಿದ ನೀರಿನ ಹಾಗೆ ಹೋಯಿತು. ಇನ್ನು ಹೇಳಲು ಅವನ ಹತ್ತಿರ ಏನೂ ಉಳಿದಿರಲಿಲ್ಲ, ಸುಳ್ಳು ಸಹ.

"ಕುರಿ ಇಲ್ಲ," ಅಂದಳು ಅಯ್ಯಮ್ಮ ತನಗೇ ಹೇಳಿಕೊಳ್ಳುವಂತೆ. "ಕಂಬಳಿ ನಿನಗ ಏನೂ ಮಾಡಂಗಿಲ್ಲ. ಮತ್ತ ಇಷ್ಟು ವರ್ಷ ಯಾಕ ಅಂಜಿದಿ? ಈಗ ಇಷ್ಟು ಮಂದ್ಯಾಗ ಯಾಕ ಮಾನ ಕಳಕೊಂಡಿ?"

"ನನ್ನ ಕುರಿ ಇಲ್ಲಂದ್ರೇನಾತು, ಕಂಬಳಿ ಅದ ಅಲ್ಲೇನು," ಅಂದ ಮಲ್ಕಪ್ಪ. "ನಮ್ಮಪ್ಪ ನೇಯ್ದದ್ದು, ನಾ ನೇಯ್ದದ್ದು. ಅದರ ಮ್ಯಾಲ ಹೆಂಗ ಸುಳ್ಳು ಹೇಳಲಿ?"

ಅಯ್ಯಮ್ಮ ಸೆರಗು ಬಿಗಿದು, ಅವನ ಬದಿಗೆ, ಅದೇ ಕಂಬಳಿಯ ಮೇಲೆ, ಮೊಳಕಾಲು ಮಡಚಿ ಕುಂತಳು. ಕುರುಬರ ಹೆಂಗಸರೆಲ್ಲ ಒಮ್ಮೆಲೇ ಬಾಯಿಗೆ ಕೈ ಹಚ್ಚಿದರು. ಹಿರಿಯರೆದುರು ಒಂದೇ ಕಂಬಳಿ! ಗೊಲ್ಲಾಳಮ್ಮನಿಗಿಂತ ಹಿರಿಯರು ಆ ಊರಲ್ಲಿ ಇನ್ಯಾರಿದ್ದರು?

"ಸಾವಕಾರ್ರ, ಇವನ ಹತ್ರ ಕುರಿ ಇಲ್ಲ. ನನ್ನ ಹತ್ರ ಆಡು ಅದಾವ," ಅಂದಳು. "ಇವತ್ತಿನಿಂದ ಅವು ಇವನವೂ ಹೌದು. ಇವನು ಸುಳ್ಳು ಹೇಳಿದ್ರ ಅವು ಸಾಯಲಿ, ನಾ ಉಪವಾಸ ಬೀಳತೀನಿ." ಮಲ್ಕಪ್ಪನ ಕಡೆ ತಿರುಗಿದಳು. "ಈಗ ಹೇಳು."

ಆ ಆಡುಗಳನ್ನು ಅವಳು ಹೆಸರು ಹಿಡಿದು ಕರೆಯುವುದನ್ನು ಮಲ್ಕಪ್ಪ ಕೇಳಿದ್ದ. "ಕಾಳಗ ಮುಗದದ," ಅಂದ, ಸಣ್ಣ ದನಿಯಲ್ಲಿ. "ಖರೇ."

"ನಾ ಹೊಳಿ ದಾಟಂಗಿಲ್ಲ," ಎಂದಳು ಅಯ್ಯಮ್ಮ.

ಆಡು ಪಣಕ್ಕಿಟ್ಟವಳು ಅಲುಗದೆ ಕುಂತದ್ದನ್ನು ಕಂಡು ಉಳಿದ ಹೆಂಗಸರೂ ಒಬ್ಬೊಬ್ಬರಾಗಿ ಗಂಟು ಕೆಳಗಿಟ್ಟು ಕುಂತರು. ಮಲ್ಲಣ್ಣ ಒಬ್ಬರೇ ಗೊಣಗುತ್ತ ಎತ್ತು ಬಿಚ್ಚಲು ಮೇಲೆ ಹೋಗಿ ನೆಲಮನೆಯ ಬಾಗಿಲು ತೆರೆದರು. ಅಷ್ಟೇ, ಹೊರಗಿನ ಗದ್ದಲವೆಲ್ಲ ಧಬಧಬನೆ ಒಳಗೆ ಬಿತ್ತು. ಹಲಗಿ ಬಡಿಯುತ್ತಿದ್ದರು, ಜನ ಕೂಗುತ್ತಿದ್ದರು, ಮಸ್ತಾನಸಾಬ ಕಟ್ಟೆಯ ಮೇಲಿಂದ "ಸಾವಕಾರ್ರ, ಹೊರಗ ಬರ್ರಿ, ಮುಗೀತ್ರೀ!" ಎಂದು ಎಷ್ಟೋ ಹೊತ್ತಿನಿಂದ ಗಂಟಲು ಹರಿದುಕೊಳ್ಳುತ್ತಿದ್ದ. ಮಲ್ಕಪ್ಪನ ಕಂಬಳಿ ಅಷ್ಟು ಚೆನ್ನಾಗಿ ಕೆಲಸ ಮಾಡಿತ್ತು. ಒಂದು ಮಾತೂ ಕೆಳಗೆ ಇಳಿದಿರಲಿಲ್ಲ.

ಹೆಂಗಸರು ಮಕ್ಕಳು ಹೋ ಎಂದು ಮೆಟ್ಟಿಲು ಹತ್ತಿದರು. ಗೊಲ್ಲಾಳಮ್ಮ ಒಂದು ಚಿಟಿಕೆ ನಶ್ಯ ಏರಿಸಿ, ಮೂರು ಲೋಕ ಕೇಳುವ ಹಾಗೆ ಸೀನಿ, ಕೋಲೂರುತ್ತ ಹೊರಟರು. ನೆಲಮನೆಯಲ್ಲಿ ಇಬ್ಬರೇ ಉಳಿದರು. ಏಳಲು ಇಬ್ಬರಿಗೂ ಮನಸ್ಸಿಲ್ಲ, ಮಾತಾಡಲು ಧೈರ್ಯವಿಲ್ಲ. ಕುಂತದ್ದು ಕಂಬಳಿಯ ಮೇಲೆ, ಏನು ಹೇಳಿದರೂ ನಿಜವನ್ನೇ ಹೇಳಬೇಕು.

"ಒಂದು ಕೇಳ್ಲೇನು?" ಅಂದ ಮಲ್ಕಪ್ಪ ಕೊನೆಗೆ. "ಮೂಲಿಗಿ ನೀರು ಹಾಕೋದು ನಿನಗ ಯಾವಾಗ ಗೊತ್ತಾತು?"

ಅಯ್ಯಮ್ಮ ಕಂಬಳಿಯ ಒಂದು ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. ಮೊದಲ ಸಲ ಅವಳ ಕಣ್ಣು ನೆಲ ನೋಡಿತು.

"ಮೊದಲನೇ ದಿನಾನ," ಅಂದಳು. "ಹೊಲ್ಕೋತ ಮ್ಯಾಲ ನೋಡಿದೆ. ಬೆಳಕಿಂಡ್ಯಾಗ ನನ್ನ ತಂಬಿಗಿ ಬಾಯಿ ಕಾಣಸ್ತು. ನೆಗ್ಗಿದ್ದು."

"ಮತ್ತ ದಿನಾ ಯಾಕ ಬಂದಿ?"

ಅವಳು ಥಟ್ಟನೆ ಎದ್ದು ಮೆಟ್ಟಿಲಿಗೆ ಹೋಗಿ, ಕಲ್ಲಿನ ಮೇಲೆ ಎರಡೂ ಕಾಲೂರಿ ನಿಂತಳು.

"ತಂಬಿಗಿ ಸಿಗತದೇನೋ ಅಂತ," ಅಂದಳು.

ಮಲ್ಕಪ್ಪ ಕಂಬಳಿಯ ಮೇಲೆ ಕುಂತಲ್ಲೇ ಅವಳ ಕಾಲು ಊರಿದ ಬರೀ ಕಲ್ಲನ್ನು ನೋಡಿದ, ಜೀವಮಾನದಲ್ಲಿ ಎಂದೂ ನಕ್ಕಿರದ ಹಾಗೆ ನಕ್ಕ.